ಜುಲೈ 1: ವರ್ತಕರ ಪಂಚಾಂಗದ ಒಂದು ದಿನ

ಇತಿಹಾಸ ಗ್ರಂಥಗಳಿಗೂ ವರ್ತಕರ ಲೆಕ್ಕದ ಪುಸ್ತಕಗಳಿಗೂ ಒಂದು ವ್ಯತ್ಯಾಸವಿದೆ. ಇತಿಹಾಸವು ಬಹುಮಟ್ಟಿಗೆ ಘೋಷಣೆಯ ದಿನವನ್ನು ನೆನಪಿಟ್ಟುಕೊಳ್ಳುತ್ತದೆ; ಲೆಕ್ಕದ ಪುಸ್ತಕವು ಜಾರಿಯ ದಿನವನ್ನು ದಾಖಲಿಸುತ್ತದೆ. ಆಯವ್ಯಯ ಭಾಷಣ ಯಾವಾಗ ನಡೆಯಿತು, ಸಂಸತ್ತಿನಲ್ಲಿ ಮಸೂದೆ ಯಾವಾಗ ಅಂಗೀಕಾರವಾಯಿತು ಎಂಬುದು ಪತ್ರಿಕೆಗಳಿಗೆ ಸುದ್ದಿ. ಯಾವ ದಿನದಿಂದ ಬಿಲ್ಲಿನ ಮೇಲೆ ಹೊಸ ದರ ಬರೆಯಬೇಕು, ಹಳೆಯ ದಾಸ್ತಾನನ್ನು ಯಾವ ಲೆಕ್ಕಕ್ಕೆ ಸೇರಿಸಬೇಕು ಎಂಬುದು ಅಂಗಡಿ ಮತ್ತು ಕಾರ್ಖಾನೆಗಳ ಚಿಂತೆ.

ಈ ದೃಷ್ಟಿಯಿಂದ ನೋಡಿದರೆ ವರ್ಷದ ದಿನಗಳಲ್ಲಿ ಜುಲೈ 1ಕ್ಕೆ ಒಂದು ವಿಶೇಷ ಸ್ಥಾನವಿದೆ. ಏಷ್ಯಾ ಖಂಡದ ಮೊದಲ ಅಂಚೆ ಚೀಟಿ, ಭಾರತದ ಮೊದಲ ಅಂಚೆ ಕಾರ್ಡು, ಮಂಗಳೂರಿನ ಕೆನರಾ ಬ್ಯಾಂಕು, ಬ್ರೆಟನ್ ವುಡ್ಸ್ ಸಮ್ಮೇಳನ, ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ, ಭಾರತೀಯ ಸ್ಟೇಟ್ ಬ್ಯಾಂಕು, 1991ರ ರೂಪಾಯಿ ಅಪಮೌಲ್ಯ, ಸೇವಾ ತೆರಿಗೆ, ಸರಕು ಮತ್ತು ಸೇವಾ ತೆರಿಗೆ - ಇವೆಲ್ಲವೂ ಬೇರೆ ಬೇರೆ ವರ್ಷಗಳ ಜುಲೈ 1ರಂದು ಆರಂಭಗೊಂಡವು. ಈ ಘಟನೆಗಳನ್ನು ಸಾಲಾಗಿ ಇಟ್ಟು ನೋಡಿದಾಗ ಒಂದು ಪಾಠ ಗೋಚರಿಸುತ್ತದೆ. ಬದಲಾವಣೆಯ ಯಶಸ್ಸು ಜಾರಿಯ ದಿನಕ್ಕಿಂತ ಹೆಚ್ಚಾಗಿ, ಘೋಷಣೆಗೂ ಜಾರಿಗೂ ನಡುವಿನ ಅವಧಿಯಲ್ಲಿ ನಡೆದ ಸಿದ್ಧತೆಯನ್ನು ಅವಲಂಬಿಸಿದೆ. ಆ ಅವಧಿಯಲ್ಲಿ ಆಗದೆ ಉಳಿದ ಕೆಲಸದ ವೆಚ್ಚವನ್ನು ಕೊನೆಗೆ ಭರಿಸುವವನು ಸಣ್ಣ ವರ್ತಕ.

ಈ ದಿನವೇ ಏಕೆ?

ಭಾರತದಲ್ಲಿ ಆರ್ಥಿಕ ವರ್ಷವು ಏಪ್ರಿಲ್ 1ರಿಂದ ಆರಂಭವಾಗುವ ಪದ್ಧತಿ 1867ರಿಂದ ನಡೆದುಬಂದಿದೆ. ಅದರ ಪ್ರಕಾರ ಜುಲೈ 1 ಎರಡನೆಯ ತ್ರೈಮಾಸಿಕದ ಮೊದಲ ದಿನ. ಜನವರಿಯಿಂದ ಲೆಕ್ಕ ಹಿಡಿದರೆ ವರ್ಷದ ಉತ್ತರಾರ್ಧದ ಮೊದಲ ದಿನ. ಹೇಗೆ ಎಣಿಸಿದರೂ ಒಂದು ಲೆಕ್ಕ ಮುಗಿದು ಮತ್ತೊಂದು ತೆರೆಯುವ ಸಂಧಿ. ನಮ್ಮ ರಿಸರ್ವ್ ಬ್ಯಾಂಕು 1940ರಿಂದ 2020ರವರೆಗೆ, ಎಂಬತ್ತು ವರ್ಷಗಳ ಕಾಲ, ಜುಲೈಯಿಂದ ಜೂನ್‌ವರೆಗಿನ ಅವಧಿಯನ್ನೇ ತನ್ನ ಲೆಕ್ಕದ ವರ್ಷವಾಗಿ ಇಟ್ಟುಕೊಂಡಿತ್ತು. ಸರ್ಕಾರದ ಆರ್ಥಿಕ ವರ್ಷದೊಡನೆ ಹೊಂದಿಸುವ ಸಲುವಾಗಿ 2020ರ ಜುಲೈಯಿಂದ 2021ರ ಮಾರ್ಚ್‌ವರೆಗೆ ಒಂಬತ್ತು ತಿಂಗಳ ಲೆಕ್ಕವನ್ನು ಸಿದ್ಧಪಡಿಸಿ ಆ ಪದ್ಧತಿಯನ್ನು ಕೈಬಿಟ್ಟಿತು.

ಇದಕ್ಕೆ ಸಂಸತ್ತಿನ ಕಾರ್ಯಕ್ರಮವೂ ಕಾರಣ. ದೀರ್ಘಕಾಲ ಕೇಂದ್ರದ ಆಯವ್ಯಯವು ಫೆಬ್ರುವರಿಯ ಕೊನೆಯ ದಿನ ಮಂಡನೆಯಾಗಿ, ಹಣಕಾಸು ಮಸೂದೆಯು ಸಾಮಾನ್ಯವಾಗಿ ಮೇ ತಿಂಗಳಿನಲ್ಲಿ ಅಂಗೀಕಾರ ಪಡೆಯುತ್ತಿತ್ತು. ಹೊಸ ತೆರಿಗೆಗೆ ನಿಯಮ ರೂಪಿಸಲು, ನಮೂನೆ ಮುದ್ರಿಸಲು, ಕಚೇರಿಗಳಿಗೆ ಸುತ್ತೋಲೆ ಕಳುಹಿಸಲು ಸ್ವಲ್ಪ ಕಾಲ ಬೇಕಲ್ಲವೇ? ಆ ಕಾಲ ಮುಗಿಯುವ ಹೊತ್ತಿಗೆ ಲೆಕ್ಕಕ್ಕೆ ಅನುಕೂಲವಾದ ಮೊದಲ ದಿನವಾಗಿ ಜುಲೈ 1 ಎದುರಾಗುತ್ತಿತ್ತು.

ಕಾಲಾಣೆಯ ಕಾರ್ಡು

1852ರ ಜುಲೈ 1ರಂದು ಸಿಂಧ್ ಪ್ರಾಂತದ ಕಮಿಷನರ್ ಆಗಿದ್ದ ಬಾರ್ಟಲ್ ಫ್ರೀಯರ್ ಅವರ ಪ್ರಯತ್ನದಿಂದ 'ಸಿಂಧ್ ಡಾಕ್' ಎಂಬ ಅಂಚೆ ಚೀಟಿ ಬಳಕೆಗೆ ಬಂದಿತು. ಅರ್ಧ ಆಣೆ ಬೆಲೆಯ, ದುಂಡನೆಯ ಆಕಾರದ ಈ ಚೀಟಿಯೇ ಏಷ್ಯಾದಲ್ಲಿ ಮೊದಲು ಬಂದ ಅಂಟಿಸುವ ಅಂಚೆ ಚೀಟಿ. ಅದರ ಆಯುಷ್ಯ ಎರಡೇ ವರ್ಷ. 1854ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಭಾರತಕ್ಕೆಲ್ಲ ಅನ್ವಯಿಸುವ ಅಂಚೆ ಚೀಟಿಗಳು ಬಂದವು. ದೂರವನ್ನು ಲೆಕ್ಕಿಸದೆ ತೂಕಕ್ಕೆ ತಕ್ಕಂತೆ ಒಂದೇ ದರ ವಿಧಿಸುವ ಪದ್ಧತಿ ನೆಲೆಗೊಂಡಿತು. ದೂರದ ಊರಿನ ವ್ಯಾಪಾರಿಯೊಡನೆ ಪತ್ರವ್ಯವಹಾರ ನಡೆಸುವವನಿಗೆ ಇದು ಸಣ್ಣ ಸಂಗತಿಯಾಗಿರಲಿಲ್ಲ. ಪತ್ರದ ವೆಚ್ಚ ಮುಂಚೆಯೇ ತಿಳಿದಿದ್ದರೆ ವ್ಯವಹಾರದ ವೆಚ್ಚವೂ ತಿಳಿಯುತ್ತದೆ.

ಇಪ್ಪತ್ತೇಳು ವರ್ಷಗಳ ನಂತರ, 1879ರ ಜುಲೈ 1ರಂದು, ಅಂಚೆ ಕಾರ್ಡು ಬಂದಿತು. ಬೆಲೆ ಕಾಲಾಣೆ, ಪತ್ರದ ಕನಿಷ್ಠ ದರದ ಅರ್ಧ. ಕಾಗದ, ಲಕೋಟೆ, ಅಂಚೆ ಚೀಟಿ ಮೂರೂ ಒಂದೇ ಕಾರ್ಡಿನಲ್ಲಿ ಅಡಕವಾದವು. ಮಂಡಿಯ ಧಾರಣೆ, ಸರಕು ಬಂದು ಮುಟ್ಟಿದ ಸುದ್ದಿ, ಬಾಕಿಯ ನೆನಪೋಲೆ ಮೊದಲಾದವು ಗುಟ್ಟಾಗಿಡಬೇಕಾದ ಸಂಗತಿಗಳೇನೂ ಅಲ್ಲವಾದ್ದರಿಂದ ತೆರೆದ ಕಾರ್ಡಿನಲ್ಲಿ ಬರೆಯಲು ಯಾರಿಗೂ ಸಂಕೋಚವಿರಲಿಲ್ಲ. ದೂರವಾಣಿ ಮನೆಮನೆಗೆ ಬರುವವರೆಗೂ ನಮ್ಮ ಮಧ್ಯಮ ಹಾಗೂ ಸಣ್ಣ ವ್ಯಾಪಾರವು ಈ ಕಾರ್ಡನ್ನು ಆಧರಿಸಿಯೇ ನಡೆಯಿತೆಂದರೆ ಅತಿಶಯೋಕ್ತಿಯಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಎರಡು ಸುಧಾರಣೆಗಳಿಗೂ ವರ್ತಕನ ಕಡೆಯಿಂದ ಹೆಚ್ಚಿನ ಸಿದ್ಧತೆಯೇನೂ ಬೇಕಿರಲಿಲ್ಲ. ಆತನ ವೆಚ್ಚ ಇಳಿಯಿತು, ಕೆಲಸ ಹಗುರವಾಯಿತು. ಬಳಸುವವನ ಹೊರೆಯನ್ನು ಇಳಿಸುವ ಬದಲಾವಣೆಗೆ ಪ್ರಚಾರದ ಅಗತ್ಯವೂ ಬೀಳುವುದಿಲ್ಲ.

ಮಂಗಳೂರಿನ ಶಾಶ್ವತ ನಿಧಿ

1906ರ ಜುಲೈ 1ರ ಘಟನೆ ನಮ್ಮ ರಾಜ್ಯಕ್ಕೆ ಸೇರಿದ್ದು. ಆಗ ಮದ್ರಾಸ್ ಪ್ರಾಂತದ ಭಾಗವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಮಂಗಳೂರಿನಲ್ಲಿ ವಕೀಲರಾದ ಅಮ್ಮೆಂಬಳ ಸುಬ್ಬರಾವ್ ಪೈಯವರು 'ಕೆನರಾ ಹಿಂದೂ ಪರ್ಮನೆಂಟ್ ಫಂಡ್' ಎಂಬ ನಿಧಿಯನ್ನು ಆರಂಭಿಸಿದರು. ಅದಕ್ಕೂ ಹದಿನೈದು ವರ್ಷ ಮೊದಲು, 1891ರಲ್ಲಿ, ಅವರು ಕೆನರಾ ಹೈಸ್ಕೂಲನ್ನು ಸ್ಥಾಪಿಸಿದ್ದರು. ಬಳಿಕ ಹೆಣ್ಣುಮಕ್ಕಳಿಗಾಗಿಯೂ ಶಾಲೆಯನ್ನು ತೆರೆದರು. ಮೊದಲು ಶಾಲೆ, ಆಮೇಲೆ ಬ್ಯಾಂಕು ಎಂಬ ಈ ಕ್ರಮ ಚಿಂತನಾರ್ಹವಾಗಿದೆ. ಓದು ಬರಹ ಬಲ್ಲ ಸಮಾಜದಲ್ಲಿ ಮಾತ್ರ ಠೇವಣಿಯ ಪುಸ್ತಕಕ್ಕೆ ಬೆಲೆ ಬರುತ್ತದೆ.

ಅದೇ ವರ್ಷದ ಮಾರ್ಚ್‌ನಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಅವರ ನೇತೃತ್ವದಲ್ಲಿ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ ಹುಟ್ಟಿಕೊಂಡಿತ್ತು. ಹೆಂಚಿನ ಕಾರ್ಖಾನೆಗಳು, ಕಾಫಿ ಹಾಗೂ ಸಾಂಬಾರ ಪದಾರ್ಥಗಳ ಸಾಗಣೆಯಿಂದ ಕರಾವಳಿಯಲ್ಲಿ ವ್ಯಾಪಾರ ಬೆಳೆದಿತ್ತು. ಆದರೆ ಸ್ಥಳೀಯರ ಉಳಿತಾಯವನ್ನು ಕೂಡಿಸಿ ಸ್ಥಳೀಯರಿಗೇ ಸಾಲವಾಗಿ ನೀಡುವ ಸಂಸ್ಥೆಗಳು ವಿರಳವಾಗಿದ್ದವು. ಆ ಕೊರತೆಯನ್ನು ಮನಗಂಡವರು ಸರ್ಕಾರದ ಆದೇಶಕ್ಕಾಗಿ ಕಾಯದೆ ತಾವೇ ಸಂಸ್ಥೆ ಕಟ್ಟಿದರು.

ನಿಧಿ ಆರಂಭವಾಗಿ ನಾಲ್ಕು ತಿಂಗಳು ತುಂಬುವ ಮೊದಲೇ, 1906ರ ಅಕ್ಟೋಬರ್‌ನಲ್ಲಿ, ಮದ್ರಾಸಿನ ಹೆಸರಾಂತ ಅರ್ಬತ್‌ನಾಟ್ ಕಂಪನಿ ದಿವಾಳಿಯಾಯಿತು. ದಕ್ಷಿಣ ಭಾರತದ ಅಸಂಖ್ಯ ಕುಟುಂಬಗಳು ಆ ಕಂಪನಿಯಲ್ಲಿ ತಮ್ಮ ಉಳಿತಾಯವನ್ನು ಇರಿಸಿದ್ದವು. ಆ ಆಘಾತದ ಪರಿಣಾಮವಾಗಿಯೇ ಮರುವರ್ಷ ಮದ್ರಾಸಿನಲ್ಲಿ ಇಂಡಿಯನ್ ಬ್ಯಾಂಕ್ ಸ್ಥಾಪನೆಗೊಂಡಿತು. ಹೆಸರು ಮತ್ತು ಆಡಂಬರವನ್ನು ನೋಡಿ ಹಣ ಒಪ್ಪಿಸುವುದು ಅಪಾಯವೆಂಬ ಅರಿವು ಮೂಡಿದ ಆ ಹೊತ್ತಿನಲ್ಲಿ, ಪರಿಚಿತರಾದ ಊರಿನವರು ನಡೆಸುವ ಪುಟ್ಟ ನಿಧಿಯ ಮೌಲ್ಯ ತಾನಾಗಿಯೇ ಹೆಚ್ಚಿತು. ಸುಬ್ಬರಾವ್ ಪೈಯವರು 1909ರಲ್ಲಿ ನಿಧನರಾದರು. ನಿಧಿಯು 1910ರಲ್ಲಿ ಕೆನರಾ ಬ್ಯಾಂಕ್ ಲಿಮಿಟೆಡ್ ಆಯಿತು. 1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡ ಹದಿನಾಲ್ಕು ಬ್ಯಾಂಕುಗಳಲ್ಲಿ ಒಂದಾಯಿತು. 2020ರ ಏಪ್ರಿಲ್ 1ರಂದು ಉಡುಪಿ ಮೂಲದ ಸಿಂಡಿಕೇಟ್ ಬ್ಯಾಂಕನ್ನು ತನ್ನೊಳಗೆ ಸೇರಿಸಿಕೊಂಡಿತು. ಅದೇ ದಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಒಂದೇ ಜಿಲ್ಲೆಯಲ್ಲಿ ಹುಟ್ಟಿದ ಆ ಹಲವು ಬ್ಯಾಂಕುಗಳ ಪೈಕಿ ರಾಷ್ಟ್ರೀಕರಣಗೊಂಡು ಇಂದಿಗೂ ಮೂಲ ಹೆಸರನ್ನು ಉಳಿಸಿಕೊಂಡಿರುವುದು ಕೆನರಾ ಬ್ಯಾಂಕು ಮಾತ್ರ.

ಜಗತ್ತಿನ ಲೆಕ್ಕ, ಕಂಪನಿಯ ಲೆಕ್ಕ

ಎರಡನೆಯ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 1944ರ ಜುಲೈ 1ರಂದು, ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಬ್ರೆಟನ್ ವುಡ್ಸ್ ಎಂಬಲ್ಲಿ 44 ರಾಷ್ಟ್ರಗಳ ಪ್ರತಿನಿಧಿಗಳು ಸಭೆ ಸೇರಿದರು. ಮೂರು ವಾರಗಳ ಚರ್ಚೆಯ ಫಲವಾಗಿ ಅಂತರರಾಷ್ಟ್ರೀಯ ಹಣಕಾಸು ನಿಧಿ ಮತ್ತು ವಿಶ್ವ ಬ್ಯಾಂಕು ರೂಪುಗೊಂಡವು. ಭಾರತ ಆಗ ಸ್ವತಂತ್ರವಾಗಿರಲಿಲ್ಲ. ಆದರೂ ವೈಸರಾಯ್ ಮಂಡಳಿಯ ಹಣಕಾಸು ಸದಸ್ಯ ಜೆರೆಮಿ ರೈಸ್‌ಮನ್ ಅವರ ನೇತೃತ್ವದ ಭಾರತದ ನಿಯೋಗದಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರ್ ಸಿ.ಡಿ. ದೇಶಮುಖ್, ಆರ್.ಕೆ. ಷಣ್ಮುಖಂ ಚೆಟ್ಟಿ, ಮುಂಬಯಿಯ ಉದ್ಯಮ ವಲಯದ ಎ.ಡಿ. ಶ್ರಾಫ್ ಇದ್ದರು. ಯುದ್ಧಕಾಲದಲ್ಲಿ ಭಾರತ ಒದಗಿಸಿದ ಸರಕು ಮತ್ತು ಸೇವೆಗಳಿಗಾಗಿ ಬ್ರಿಟನ್ ನಮಗೆ ಕೊಡಬೇಕಾಗಿದ್ದ ಹಣ, ಯುದ್ಧ ಮುಗಿಯುವ ವೇಳೆಗೆ, ನೂರು ಕೋಟಿ ಪೌಂಡುಗಳನ್ನು ಮೀರಿತ್ತು. ಈ ಬಾಕಿಯನ್ನು ನಿಧಿಯ ವ್ಯಾಪ್ತಿಗೆ ತರಬೇಕೆಂದು ನಮ್ಮ ನಿಯೋಗ ವಾದಿಸಿತು. ವಾದಕ್ಕೆ ಜಯ ಸಿಗಲಿಲ್ಲ. ಆದರೆ ಸಾಲ ಕೊಟ್ಟವನ ಸ್ಥಾನದಲ್ಲಿ ನಿಂತು ತನ್ನ ಲೆಕ್ಕವನ್ನು ಭಾರತ ಜಗತ್ತಿನ ಮುಂದಿಟ್ಟಿತೆಂಬುದನ್ನು ಮರೆಯುವಂತಿಲ್ಲ.

ಐದು ವರ್ಷಗಳ ನಂತರ, 1949ರ ಜುಲೈ 1ರಂದು, ಚಾರ್ಟರ್ಡ್ ಅಕೌಂಟೆಂಟರ ಕಾಯಿದೆ ಜಾರಿಗೆ ಬಂದು ಭಾರತೀಯ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ ಅಸ್ತಿತ್ವಕ್ಕೆ ಬಂದಿತು. ಗಣರಾಜ್ಯ ಘೋಷಣೆಗೆ ಇನ್ನೂ ಏಳು ತಿಂಗಳಿದ್ದವು. ಸಂವಿಧಾನ ಜಾರಿಯಾಗುವ ಮೊದಲೇ ಲೆಕ್ಕ ಪರಿಶೋಧನೆಯ ವೃತ್ತಿಗೆ ಶಾಸನದ ಚೌಕಟ್ಟು ದೊರೆತದ್ದು ಆಕಸ್ಮಿಕವಲ್ಲ. 1913ರ ಕಂಪನಿ ಕಾಯಿದೆ, 1918ರಲ್ಲಿ ಆರಂಭವಾದ ಸರ್ಕಾರಿ ಲೆಕ್ಕಶಾಸ್ತ್ರ ಡಿಪ್ಲೊಮಾ, 1932ರ ಭಾರತೀಯ ಲೆಕ್ಕಶಾಸ್ತ್ರ ಮಂಡಲಿ - ಹೀಗೆ ಮೂರು ದಶಕಗಳ ಕಾಲ ನೆಲ ಹದಗೊಂಡಿತ್ತು. ಜಿ.ಪಿ. ಕಪಾಡಿಯಾ ಸಂಸ್ಥೆಯ ಮೊದಲ ಅಧ್ಯಕ್ಷರಾದರು. ಎರಡು ಸಾವಿರಕ್ಕೂ ಕಡಿಮೆ ಸದಸ್ಯರೊಂದಿಗೆ ಆರಂಭವಾದ ಸಂಸ್ಥೆಯ ಬಳಗ ಇಂದು ನಾಲ್ಕು ಲಕ್ಷದ ಆಸುಪಾಸಿನಲ್ಲಿದೆ. ತನ್ನ ಸರಕಿನ ಗುಣಮಟ್ಟವನ್ನು ಮಾರುವವನೇ ಹೊಗಳಿಕೊಂಡರೆ ಸಾಲದು, ಮೂರನೆಯವನೊಬ್ಬ ನೋಡಿ ಹೇಳಬೇಕು. ಲೆಕ್ಕದ ವಿಷಯದಲ್ಲೂ ಅಷ್ಟೇ. ಆ ಮೂರನೆಯವನ ಸಹಿಗೆ ಅಧಿಕೃತ ಬೆಲೆ ಬಂದ ದಿನವಿದು.

ಹಳ್ಳಿಯ ಸಾಲದ ಪ್ರಶ್ನೆ

1955ರ ಜುಲೈ 1ರಂದು ಇಂಪೀರಿಯಲ್ ಬ್ಯಾಂಕು ಭಾರತೀಯ ಸ್ಟೇಟ್ ಬ್ಯಾಂಕಾಗಿ ಪರಿವರ್ತನೆಗೊಂಡಿತು. ಬಂಗಾಳ, ಬೊಂಬಾಯಿ, ಮದ್ರಾಸ್ ಎಂಬ ಮೂರು ಪ್ರೆಸಿಡೆನ್ಸಿ ಬ್ಯಾಂಕುಗಳು 1921ರಲ್ಲಿ ಒಂದುಗೂಡಿ ಹುಟ್ಟಿದ್ದು ಇಂಪೀರಿಯಲ್ ಬ್ಯಾಂಕು. ಅದು ಗಟ್ಟಿ ಸಂಸ್ಥೆ. ಆದರೆ ಅದರ ದೃಷ್ಟಿ ನಗರದ ದೊಡ್ಡ ವಾಣಿಜ್ಯದ ಕಡೆಗಿತ್ತು.

ಈ ಪರಿವರ್ತನೆಗೆ ಕಾರಣವಾದದ್ದು ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆ. ಎ.ಡಿ. ಗೋರ್ವಾಲಾ ಅಧ್ಯಕ್ಷತೆಯ ಸಮಿತಿ 1954ರಲ್ಲಿ ಪ್ರಕಟಿಸಿದ ವರದಿಯ ಅಂಕಿಗಳು ಕಣ್ಣು ತೆರೆಸುವಂತಿದ್ದವು. 1951-52ರಲ್ಲಿ ರೈತರು ಪಡೆದ ಸಾಲದಲ್ಲಿ ವಾಣಿಜ್ಯ ಬ್ಯಾಂಕುಗಳ ಪಾಲು ಶೇ. 0.9, ಸಹಕಾರ ಸಂಘಗಳ ಪಾಲು ಶೇ. 3.1, ಸರ್ಕಾರದ ಪಾಲು ಶೇ. 3.3. ವೃತ್ತಿಪರ ಲೇವಾದೇವಿಗಾರರು ಶೇ. 44.8ರಷ್ಟನ್ನೂ ಕೃಷಿಕ ಲೇವಾದೇವಿಗಾರರು ಶೇ. 24.9ರಷ್ಟನ್ನೂ ಒದಗಿಸುತ್ತಿದ್ದರು. ಈ ಅಂಕಿಗಳ ಬಲದಿಂದ ಸರ್ಕಾರ ತೀರ್ಮಾನ ಕೈಗೊಂಡಿತು. ಬ್ರೆಟನ್ ವುಡ್ಸ್‌ಗೆ ಹೋಗಿಬಂದಿದ್ದ ಅದೇ ದೇಶಮುಖ್ ಆಗ ಹಣಕಾಸು ಸಚಿವರು. ಸ್ಟೇಟ್ ಬ್ಯಾಂಕಿನ ಮೊದಲ ಅಧ್ಯಕ್ಷರಾದವರು ಅರ್ಥಶಾಸ್ತ್ರಜ್ಞ ಜಾನ್ ಮಥಾಯ್. ಶ್ರಾಫ್ ಮತ್ತು ಮಥಾಯ್ ಇಬ್ಬರೂ 1944ರಲ್ಲಿ ಉದ್ಯಮಿಗಳು ರೂಪಿಸಿದ ಬಾಂಬೆ ಯೋಜನೆಗೆ ಸಹಿ ಹಾಕಿದ್ದವರು ಎಂಬುದನ್ನು ಇಲ್ಲಿ ಸ್ಮರಿಸಬಹುದು.

ಹೊಸ ಬ್ಯಾಂಕಿಗೆ ಸುಮಾರು 480 ಕಚೇರಿಗಳ ಜಾಲ ಬಳುವಳಿಯಾಗಿ ಬಂದಿತು. ಐದು ವರ್ಷಗಳಲ್ಲಿ ಹೊಸದಾಗಿ 400 ಶಾಖೆಗಳನ್ನು ತೆರೆಯಬೇಕೆಂಬ ಗುರಿಯನ್ನು ವಿಧಿಸಲಾಯಿತು. ಗುರಿ ಅವಧಿಯೊಳಗೇ ಈಡೇರಿತು. ಸರ್. ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ 1913ರಲ್ಲಿ ಆರಂಭವಾಗಿದ್ದ ಮೈಸೂರು ಬ್ಯಾಂಕು 1960ರಲ್ಲಿ ಸ್ಟೇಟ್ ಬ್ಯಾಂಕಿನ ಅಂಗಸಂಸ್ಥೆಯಾಗಿ, 2017ರ ಏಪ್ರಿಲ್ 1ರಂದು ಅದರಲ್ಲಿಯೇ ಲೀನವಾಯಿತು. ಸಮೀಕ್ಷೆ ಮೊದಲು, ಗುರಿ ಆಮೇಲೆ, ಜಾರಿ ಕೊನೆಗೆ ಎಂಬ ಕ್ರಮಕ್ಕೆ 1955ರ ಜುಲೈ 1 ಒಂದು ಮಾದರಿ.

ಮುನ್ಸೂಚನೆ ಇಲ್ಲದ ಜುಲೈ

ಎಲ್ಲ ಬದಲಾವಣೆಗೂ ಮುನ್ಸೂಚನೆ ಕೊಡಲಾಗದು ಎಂಬುದಕ್ಕೆ 1991 ಸಾಕ್ಷಿ. ಆ ವರ್ಷದ ಜೂನ್‌ನಲ್ಲಿ ಪಿ.ವಿ. ನರಸಿಂಹರಾಯರ ಸರ್ಕಾರ ಅಧಿಕಾರ ವಹಿಸಿಕೊಂಡಾಗ ದೇಶದ ವಿದೇಶೀ ವಿನಿಮಯ ಸಂಗ್ರಹವು ಕೆಲವೇ ವಾರಗಳ ಆಮದಿಗೆ ಸಾಕಾಗುವಷ್ಟಿತ್ತು. ಜುಲೈ 1ರಂದು ರೂಪಾಯಿಯ ವಿನಿಮಯ ದರವನ್ನು ಸುಮಾರು ಶೇ. 9ರಷ್ಟು ಇಳಿಸಲಾಯಿತು. ಎರಡು ದಿನಗಳ ನಂತರ, ಜುಲೈ 3ರಂದು, ಮತ್ತೆ ಸುಮಾರು ಶೇ. 11ರಷ್ಟು ಇಳಿಸಲಾಯಿತು. ಅದೇ ತಿಂಗಳಿನಲ್ಲಿ ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನ ವಿದೇಶೀ ಸಾಲದ ಆಧಾರವಾಗಿ ವಿಮಾನಗಳನ್ನು ಏರಿತೆಂಬುದು ಸಂಕಟದ ಆಳವನ್ನು ಸೂಚಿಸುತ್ತದೆ. ಜುಲೈ 24ರಂದು ಡಾ. ಮನಮೋಹನ ಸಿಂಗ್ ಆಯವ್ಯಯ ಮಂಡಿಸಿದರು. ಅದೇ ದಿನ ಹೊಸ ಕೈಗಾರಿಕಾ ನೀತಿಯೂ ಪ್ರಕಟವಾಯಿತು.

ಅಪಮೌಲ್ಯವನ್ನು ಮೊದಲೇ ಸಾರಿ ಮಾಡುವಂತಿಲ್ಲ. ಸಾರಿದರೆ ಡಾಲರು ಪಡೆಯಬೇಕಾದವರು ಹಣ ತರುವುದನ್ನು ತಡಮಾಡುತ್ತಾರೆ, ಕೊಡಬೇಕಾದವರು ಆತುರಪಡುತ್ತಾರೆ; ಇದ್ದ ಸಂಗ್ರಹವೂ ಕರಗುತ್ತದೆ. ಆದ್ದರಿಂದ ಅಂದು ಗೋಪ್ಯತೆ ಅನಿವಾರ್ಯವಾಗಿತ್ತು. ಡಾಲರಿನಲ್ಲಿ ಬೇಡಿಕೆ ಪಡೆದಿದ್ದ ರಫ್ತುದಾರನಿಗೆ ಲಾಭವಾಯಿತು. ಸಾಖಪತ್ರ ತೆರೆದು ಯಂತ್ರೋಪಕರಣಕ್ಕಾಗಿ ಕಾಯುತ್ತಿದ್ದ ಆಮದುದಾರನಿಗೆ ಮೂರು ದಿನಗಳಲ್ಲಿ ವೆಚ್ಚ ಏರಿತು. ಮುನ್ಸೂಚನೆ ಇಲ್ಲದಿರುವುದು ಇಂತಹ ಅಪರೂಪದ ಸಂದರ್ಭಕ್ಕೆ ಮಾತ್ರ ಸಲ್ಲುವ ವಿನಾಯಿತಿ. ಅದು ಸಾಮಾನ್ಯ ಪದ್ಧತಿಯಾಗಬಾರದು.

ಜುಲೈ 1ರಂದು ಹುಟ್ಟಿ ಜುಲೈ 1ರಂದು ಮುಗಿದ ತೆರಿಗೆ

1994ರ ಜುಲೈ 1ರಂದು ಸೇವಾ ತೆರಿಗೆ ಜಾರಿಗೆ ಬಂದಿತು. ದೂರವಾಣಿ, ಸಾಮಾನ್ಯ ವಿಮೆ, ಷೇರು ದಲ್ಲಾಳಿ - ಈ ಮೂರೇ ಸೇವೆಗಳಿಗೆ ಶೇ. 5ರ ದರ. ಮೊದಲ ವರ್ಷದ ಸಂಗ್ರಹ 407 ಕೋಟಿ ರೂಪಾಯಿ. ಮೂರೂ ಕ್ಷೇತ್ರಗಳಲ್ಲಿ ತೆರಿಗೆ ಕಟ್ಟಬೇಕಾದವರು ಲೆಕ್ಕ ಇಡುವ ಅಭ್ಯಾಸವುಳ್ಳ ಸಂಸ್ಥೆಗಳು, ದಲ್ಲಾಳಿಗಳು. ಹೀಗಾಗಿ ಸಣ್ಣವರಿಗೆ ಬಿಸಿ ತಟ್ಟಲಿಲ್ಲ. ವರ್ಷದಿಂದ ವರ್ಷಕ್ಕೆ ಪಟ್ಟಿ ಬೆಳೆಯಿತು. 2012ರ ಜುಲೈ 1ರಂದು ಪಟ್ಟಿಯನ್ನೇ ತಿರುವಿ ಹಾಕಿ, ವಿನಾಯಿತಿ ಪಡೆದ ಸೇವೆಗಳನ್ನು ಬಿಟ್ಟು ಉಳಿದೆಲ್ಲಕ್ಕೂ ತೆರಿಗೆ ಎಂಬ ನಿಯಮ ಬಂದಿತು. 2015-16ರ ಹೊತ್ತಿಗೆ ಸಂಗ್ರಹ ಎರಡು ಲಕ್ಷ ಕೋಟಿ ರೂಪಾಯಿಗಳನ್ನು ದಾಟಿತ್ತು. ಇಪ್ಪತ್ಮೂರು ವರ್ಷ ಬಾಳಿದ ಈ ತೆರಿಗೆ, 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆಯಲ್ಲಿ ಲೀನವಾಯಿತು.

ಜಿಎಸ್‌ಟಿಯ ಹಾದಿ ದೀರ್ಘವಾದದ್ದು. 2010ರ ಏಪ್ರಿಲ್ 1ರಿಂದ ಜಾರಿ ಎಂದು 2006ರ ಆಯವ್ಯಯದಲ್ಲಿಯೇ ಸಾರಲಾಗಿತ್ತು. ಸಂವಿಧಾನದ 101ನೆಯ ತಿದ್ದುಪಡಿ ಆದದ್ದು 2016ರಲ್ಲಿ. ಕೇಂದ್ರದ ಕಾಯಿದೆಗಳಿಗೆ ರಾಷ್ಟ್ರಪತಿಯವರ ಅಂಕಿತ ಬಿದ್ದದ್ದು 2017ರ ಏಪ್ರಿಲ್ 12ರಂದು. ಬಹುಪಾಲು ಸರಕುಗಳ ದರ ನಿಗದಿಯಾದದ್ದು ಮೇ 18 ಮತ್ತು 19ರಂದು ಶ್ರೀನಗರದಲ್ಲಿ ಸೇರಿದ ಮಂಡಳಿಯ ಸಭೆಯಲ್ಲಿ. ಜೂನ್ 30ರ ಮಧ್ಯರಾತ್ರಿ ಸಂಸತ್ ಭವನದ ಸೆಂಟ್ರಲ್ ಹಾಲ್‌ನಲ್ಲಿ ಹೊಸ ತೆರಿಗೆಗೆ ಚಾಲನೆ ದೊರೆಯಿತು. ಅಂದರೆ ನೀತಿಯ ಚರ್ಚೆಗೆ ಹನ್ನೊಂದು ವರ್ಷ ಸಿಕ್ಕಿತು. ತನ್ನ ಸರಕಿಗೆ ಯಾವ ದರ ಎಂದು ತಿಳಿದುಕೊಂಡು ಸಿದ್ಧನಾಗಲು ವರ್ತಕನಿಗೆ ಸಿಕ್ಕಿದ್ದು ಆರು ವಾರ.

ಹದಿನೇಳು ತೆರಿಗೆಗಳು, ಹದಿಮೂರು ಉಪಕರಗಳು ಒಂದಾದವು. ರಾಜ್ಯದ ಗಡಿಗಳಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುವುದು ತಪ್ಪಿತು. ತೆರಿಗೆಯ ಮೇಲೆ ತೆರಿಗೆ ಬೀಳುವ ದೋಷ ಬಹುಮಟ್ಟಿಗೆ ನೀಗಿತು. ಈ ಲಾಭಗಳು ನಿರ್ವಿವಾದ. ಮೌಲ್ಯವರ್ಧಿತ ತೆರಿಗೆಯ ಕಾಲದಲ್ಲಿಯೇ ಇ-ಸುಗಮ ಪದ್ಧತಿಯನ್ನು ಕಂಡಿದ್ದ ಕರ್ನಾಟಕದ ವರ್ತಕರಿಗೆ ಗಣಕೀಕೃತ ವ್ಯವಸ್ಥೆ ಅಪರಿಚಿತವಾಗಿರಲಿಲ್ಲ. ರಾಷ್ಟ್ರದ ಜಿಎಸ್‌ಟಿ ಜಾಲವನ್ನು ನಿರ್ಮಿಸಿದ್ದೂ ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆ.

ಆದರೆ ಮೊದಲ ಕೆಲವು ತಿಂಗಳ ಅನುಭವ ಕಷ್ಟದ್ದಾಗಿತ್ತು. ಮೊದಲ ವಿವರಣೆ ಸಲ್ಲಿಸುವ ಆಗಸ್ಟ್‌ನಲ್ಲಿಯೇ ಜಾಲತಾಣ ಒತ್ತಡ ತಾಳಲಾರದೆ ಗಡುವು ವಿಸ್ತರಿಸಬೇಕಾಯಿತು. ಸೆಪ್ಟೆಂಬರ್‌ನಲ್ಲಿ ತಾಂತ್ರಿಕ ತೊಡಕುಗಳ ಪರಿಶೀಲನೆಗೆಂದೇ ಸಚಿವರ ಸಮಿತಿ ರಚನೆಯಾಯಿತು. ಖರೀದಿಯ ವಿವರಕ್ಕಾಗಿ ಯೋಜಿಸಿದ್ದ ನಮೂನೆಗಳನ್ನು ತಡೆಹಿಡಿಯಲಾಯಿತು. ಒಂದೂವರೆ ಕೋಟಿ ರೂಪಾಯಿವರೆಗಿನ ವಹಿವಾಟುದಾರರಿಗೆ ತಿಂಗಳ ಬದಲು ತ್ರೈಮಾಸಿಕ ವಿವರಣೆಯ ಸೌಲಭ್ಯ ದೊರೆತದ್ದು ಅಕ್ಟೋಬರ್‌ನಲ್ಲಿ. ನವೆಂಬರ್‌ನ ಗುವಾಹಟಿ ಸಭೆಯಲ್ಲಿ 178 ಬಗೆಯ ಸರಕುಗಳು ಶೇ. 28ರ ದರದಿಂದ ಕೆಳಗಿಳಿದವು. ಈ ತಿದ್ದುಪಡಿಗಳೆಲ್ಲ ಸ್ವಾಗತಾರ್ಹವೇ. ಆದರೆ ಇವುಗಳಲ್ಲಿ ಬಹುಪಾಲು ಜುಲೈ 1ರ ನಂತರ ಆಗುವ ಬದಲು ಮುಂಚೆಯೇ ಆಗಬಹುದಾಗಿದ್ದವು. ನಡುವಿನ ಐದು ತಿಂಗಳಲ್ಲಿ ದೊಡ್ಡ ಸಂಸ್ಥೆ ತನ್ನ ಲೆಕ್ಕ ವಿಭಾಗಕ್ಕೆ ಇನ್ನಿಬ್ಬರನ್ನು ಸೇರಿಸಿಕೊಂಡು ನಿಭಾಯಿಸಿತು. ಮಾಲೀಕನೇ ಗುಮಾಸ್ತನೂ ಆಗಿರುವ ಸಣ್ಣ ಘಟಕ ತನ್ನ ವ್ಯಾಪಾರದ ಸಮಯವನ್ನು ಕಳೆದುಕೊಂಡಿತು.

ಎರಡು ಜುಲೈಗಳು ಒಂದು ಅಂಗಡಿಯಲ್ಲಿ

2015ರ ಜುಲೈ 1ರಂದು ಡಿಜಿಟಲ್ ಇಂಡಿಯಾ ಕಾರ್ಯಕ್ರಮ ಉದ್ಘಾಟನೆಗೊಂಡಿತು. ಮರುವರ್ಷ ಯುಪಿಐ ಪಾವತಿ ವ್ಯವಸ್ಥೆ ಬಂದಿತು. ಕೆಲವೇ ವರ್ಷಗಳಲ್ಲಿ ತರಕಾರಿ ಗಾಡಿಯಿಂದ ಹಿಡಿದು ಬೇಕರಿಯವರೆಗೆ ಎಲ್ಲೆಡೆ ಕ್ಯೂಆರ್ ಸಂಕೇತದ ಫಲಕ ಕಾಣಿಸಿಕೊಂಡಿತು. ಅಂಚೆ ಕಾರ್ಡಿನಂತೆಯೇ ಇದೂ ಬಳಸುವವನ ಹೊರೆಯನ್ನು ಇಳಿಸಿದ ಬದಲಾವಣೆ. ಆದ್ದರಿಂದಲೇ ಅದು ಅಷ್ಟು ವೇಗವಾಗಿ ಹಬ್ಬಿತು.

ಡಿಜಿಟಲ್ ಪಾವತಿಯ ಈ ಜುಲೈಯೂ ಜಿಎಸ್‌ಟಿಯ ಆ ಜುಲೈಯೂ ಒಂದೇ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಎದುರುಬದುರಾದದ್ದು 2025ರ ಜುಲೈನಲ್ಲಿ. 2021-22ರಿಂದ ಮೊದಲ್ಗೊಂಡು ಯುಪಿಐ ಮೂಲಕ ಸಂದಾಯವಾದ ಮೊತ್ತವನ್ನು ಆಧರಿಸಿ, ನೋಂದಣಿ ಮಿತಿ ಮೀರಿದ್ದಾರೆಂದು ಕಂಡುಬಂದ ಸಣ್ಣ ವರ್ತಕರಿಗೆ ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆ ನೋಟಿಸು ಜಾರಿ ಮಾಡಿತು. ಸರಕು ಮಾರುವವರಿಗೆ ವಾರ್ಷಿಕ 40 ಲಕ್ಷ, ಸೇವೆ ಒದಗಿಸುವವರಿಗೆ 20 ಲಕ್ಷ ರೂಪಾಯಿ ವಹಿವಾಟಿನ ಮಿತಿ ಕಾಯಿದೆಯಲ್ಲಿದ್ದದ್ದು ನಿಜ. ಆದರೆ ಖಾತೆಗೆ ಬಂದ ಹಣವೆಲ್ಲ ಮಾರಾಟದ ಹಣವಲ್ಲ; ಸಾಲ, ಮನೆಯವರ ವರ್ಗಾವಣೆ, ತೆರಿಗೆ ಇಲ್ಲದ ಹಾಲು-ತರಕಾರಿಯ ಮಾರಾಟ ಎಲ್ಲವೂ ಅದರಲ್ಲಿ ಬೆರೆತಿರುತ್ತವೆ. ಬೆಂಗಳೂರಿನ ಹಲವು ಅಂಗಡಿಗಳ ಮುಂದೆ 'ನಗದು ಮಾತ್ರ' ಎಂಬ ಚೀಟಿಗಳು ತೂಗಾಡಿದವು. ಕೊನೆಗೆ ಮುಖ್ಯಮಂತ್ರಿಗಳು ವರ್ತಕರ ಪ್ರತಿನಿಧಿಗಳೊಂದಿಗೆ ಸಭೆ ನಡೆಸಿ, ಹಳೆಯ ಬಾಕಿಗಾಗಿ ಒತ್ತಾಯಿಸುವುದಿಲ್ಲ, ಆದರೆ ಮುಂದಕ್ಕೆ ನೋಂದಣಿ ಕಡ್ಡಾಯ ಎಂಬ ಭರವಸೆಯನ್ನೂ ಎಚ್ಚರಿಕೆಯನ್ನೂ ಒಟ್ಟಿಗೆ ನೀಡಿದರು.

ಇದರಲ್ಲಿ ಯಾರ ಪಕ್ಷವನ್ನೂ ವಹಿಸಬೇಕಾಗಿಲ್ಲ. ಕಾಯಿದೆ ಎಂಟು ವರ್ಷ ಹಳೆಯದಾಗಿತ್ತು. ಆದರೆ ಅದು ತನಗೂ ಅನ್ವಯಿಸುತ್ತದೆ ಎಂಬ ತಿಳಿವಳಿಕೆ ಬೀದಿಯ ತುದಿಯ ಅಂಗಡಿಗೆ ತಲುಪಿರಲಿಲ್ಲ. ರಾಜಪತ್ರದಲ್ಲಿ ಕಾಯಿದೆ ಜಾರಿಯಾದ ದಿನ ಒಂದು. ಅದು ವರ್ತಕನ ಅರಿವಿಗೆ ಬಂದ ದಿನ ಮತ್ತೊಂದು. ಈ ಎರಡರ ನಡುವಿನ ಅಂತರವೇ ಬಡ್ಡಿ, ದಂಡ ಮತ್ತು ಅವಿಶ್ವಾಸವಾಗಿ ಬೆಳೆಯುತ್ತದೆ.

ನಡುವಿನ ಅವಧಿಯ ಕರ್ತವ್ಯ

ಇತ್ತೀಚಿನ ಅನುಭವಗಳೂ ಇದನ್ನೇ ದೃಢಪಡಿಸುತ್ತವೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳ ಮೇಲಿನ ನಿಷೇಧ 2022ರ ಜುಲೈ 1ರಂದು ಜಾರಿಯಾಯಿತು. ಅಧಿಸೂಚನೆ ಹೊರಬಿದ್ದದ್ದು 2021ರ ಆಗಸ್ಟ್‌ನಲ್ಲಿ. ತಯಾರಕರಿಗೆ ಹತ್ತು ತಿಂಗಳಿಗೂ ಮಿಗಿಲಾದ ಕಾಲಾವಕಾಶ ದೊರೆಯಿತು. 2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ದರಗಳನ್ನು ಮುಖ್ಯವಾಗಿ ಶೇ. 5 ಮತ್ತು ಶೇ. 18ಕ್ಕೆ ಇಳಿಸುವ ತೀರ್ಮಾನವಾಗಿ, ಸೆಪ್ಟೆಂಬರ್ 22ರಿಂದ ಬಹುತೇಕ ಸರಕುಗಳಿಗೆ ಅನ್ವಯವಾಯಿತು. ಅಲ್ಲಿ ಸಿಕ್ಕಿದ್ದು ಹತ್ತೊಂಬತ್ತು ದಿನ. ಹಳೆಯ ಬೆಲೆ ಮುದ್ರಿಸಿದ್ದ ದಾಸ್ತಾನಿಗೆ ಹೊಸ ಬೆಲೆಯ ಚೀಟಿ ಅಂಟಿಸಲು ಅವಕಾಶ ಕೊಟ್ಟದ್ದರಿಂದ ಕಷ್ಟ ಸ್ವಲ್ಪ ತಗ್ಗಿತು.

ಜಾರಿಯ ದಿನಾಂಕವನ್ನು ಸರ್ಕಾರ ನಿಗದಿಪಡಿಸುತ್ತದೆ. ಆದರೆ ಅದಕ್ಕೆ ಮುಂಚಿನ ದಿನಗಳು ವ್ಯರ್ಥವಾಗದಂತೆ ನೋಡಿಕೊಳ್ಳುವುದು ವಾಣಿಜ್ಯ ಮಂಡಲಿಗಳ ಹೊಣೆ. ಯಾವುದೇ ಹೊಸ ನಿಯಮ ಬರುವಾಗ ನಾವು ಕೇಳಿ ಪಡೆಯಬೇಕಾದವು ನಾಲ್ಕು. ದರ ಮತ್ತು ನಮೂನೆಗಳು ಜಾರಿಗೆ ಕನಿಷ್ಠ ಮೂರು ತಿಂಗಳ ಮೊದಲೇ ಅಂತಿಮಗೊಳ್ಳಬೇಕು. ಜಾಲತಾಣವನ್ನು ಸಣ್ಣ ಪಟ್ಟಣಗಳ ವರ್ತಕರಿಂದಲೇ ಮೊದಲು ಪ್ರಯೋಗ ಮಾಡಿಸಬೇಕು. ವಿವರಣೆ ಸರಳ ಕನ್ನಡದಲ್ಲಿ ತಾಲ್ಲೂಕು ಮಟ್ಟದವರೆಗೆ ತಲುಪಬೇಕು. ಮೊದಲ ವರ್ಷದ ಪ್ರಾಮಾಣಿಕ ತಪ್ಪುಗಳಿಗೆ ದಂಡದ ಬದಲು ತಿದ್ದಿಕೊಳ್ಳುವ ಅವಕಾಶವಿರಬೇಕು.

ವರ್ತಕ ಬಾಂಧವರ ಕಡೆಯಿಂದಲೂ ಕೆಲಸವಿದೆ. ವ್ಯಾಪಾರದ ಖಾತೆಯನ್ನೂ ಮನೆಯ ಖಾತೆಯನ್ನೂ ಬೇರೆ ಬೇರೆ ಇಡುವುದು, ವಹಿವಾಟು ಮಿತಿಯ ಹತ್ತಿರ ಬಂದಾಗಲೇ ನೋಂದಣಿಯ ಬಗ್ಗೆ ವಿಚಾರಿಸುವುದು, ತ್ರೈಮಾಸಿಕ ಮುಗಿದ ವಾರದಲ್ಲಿಯೇ ಲೆಕ್ಕ ಪರಿಶೋಧಕರ ಬಳಿ ಕುಳಿತು ಪುಸ್ತಕ ಸರಿನೋಡುವುದು - ಇವು ದೊಡ್ಡ ವೆಚ್ಚದ ಸಂಗತಿಗಳಲ್ಲ.

ಮಂಗಳೂರಿನ ಹಿರಿಯರು 1906ರಲ್ಲಿ ಯಾರ ಸುತ್ತೋಲೆಗೂ ಕಾಯದೆ ತಮ್ಮ ಊರಿನ ಕೊರತೆಯನ್ನು ತಾವೇ ಅಳೆದು ಸಂಸ್ಥೆ ಕಟ್ಟಿದರು. 1955ರಲ್ಲಿ ಸರ್ಕಾರ ಮೊದಲು ಸಮೀಕ್ಷೆ ಮಾಡಿ, ನಂತರ ಹೆಜ್ಜೆ ಇಟ್ಟಿತು. ಎರಡೂ ಕಡೆ ಜಾರಿಗೆ ಮುಂಚೆ ಲೆಕ್ಕ ಹಾಕುವ ಕೆಲಸ ಮುಗಿದಿತ್ತು. ಮುಂದಿನ ಜುಲೈ 1 ಯಾವ ಹೊಸ ನಿಯಮವನ್ನು ಹೊತ್ತು ತರುವುದೋ ತಿಳಿಯದು. ಏಪ್ರಿಲ್, ಮೇ, ಜೂನ್ ತಿಂಗಳುಗಳಂತೂ ನಮ್ಮ ಕೈಯಲ್ಲಿಯೇ ಇವೆ.